ಕುಂಡದ ನಿಂಬೆಗೆ ಔಷಧಿ ಹುಡುಕುವ ಮುಂಚೆ ನೀರು ನೋಡಿ

ಪ್ರಶ್ನೆ: ನಮ್ಮದು ರಾಯಚೂರು. ಮನೆ ಮಾಳಿಗೆಯ ಮೇಲೆ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ಒಂದು ನಿಂಬೆ ಗಿಡ ಇದೆ. ಹೋದ ವರ್ಷ ಚೆನ್ನಾಗಿ ಕಾಯಿ ಬಿಟ್ಟಿತ್ತು. ಈಗ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಹಳೆ ಎಲೆಗಳ ತುದಿ ಸುಟ್ಟಂತಾಗಿದೆ. ಕೆಲವು ಎಲೆ ಸುರುಟಿ, ಮೇಲೆ ಬೆಳ್ಳಿ ಬಣ್ಣದ ಗೆರೆ ಬಿದ್ದಿವೆ. ಕೊಂಬೆ ಸಂದಿಯಲ್ಲಿ ಹತ್ತಿಯಂಥ ಬಿಳಿ ಹುಳ, ಬುಡದಿಂದ ತುದಿವರೆಗೆ ಇರುವೆ ಸಾಲು. ಹೂವು ನಿಲ್ಲುತ್ತಿಲ್ಲ. ಮೊಟ್ಟೆ ಸಿಪ್ಪೆ ಪುಡಿ, ಒಲೆ ಬೂದಿ, ಒಂದು ಹಿಡಿ ಡಿಎಪಿ ಎಲ್ಲ ಹಾಕಿ ಆಯಿತು. ಮೈದುನ ಹೊಲದಿಂದ ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ತಂದು ಹೊಡೆದರು. ಒಂದು ವಾರ ಹುಳ ಕಮ್ಮಿಯಾಗಿ, ಆಮೇಲೆ ಮೊದಲಿಗಿಂತ ಜಾಸ್ತಿ ಬಂತು. ಬೋರ್ ನೀರು ಹಾಕುತ್ತೇವೆ, ಜೊತೆಗೆ ಆರ್‌ಒ ಫಿಲ್ಟರ್‌ನಿಂದ ಹೊರಬರುವ ನೀರನ್ನೂ ಸುರಿಯುತ್ತೇವೆ. ಯಾವ ಔಷಧಿ ಹೊಡೆಯಬೇಕು? ಗಿಡ ಉಳಿಯುತ್ತಾ? ಈಗಿರುವ ಕಾಯಿ ಬಳಸಬಹುದಾ?

ಉತ್ತರ: ನಮಸ್ಕಾರ ಅಕ್ಕಾವ್ರೆ. ಗಿಡ ಉಳಿಯುತ್ತದೆ. ಆದರೆ ನೀವು ಕೇಳಿದ ಔಷಧಿಯ ಹೆಸರನ್ನು ನಾನು ಈಗಲೇ ಹೇಳುವುದಿಲ್ಲ. ನಿಮ್ಮ ಪತ್ರದಲ್ಲಿರುವ ಹುಳಗಳಿಗಿಂತ ಕೊನೆಯಲ್ಲಿ ಬರೆದ ನೀರಿನ ಮಾತು ನನಗೆ ಜಾಸ್ತಿ ಮುಖ್ಯ ಅನ್ನಿಸಿತು. ಈ ಗಿಡಕ್ಕೆ ಮೊದಲು ಕೆಟ್ಟದ್ದು ಬೇರು. ಹುಳ ಬಂದದ್ದು ಆಮೇಲೆ. ಬೇರು ಸರಿಹೋಗದೆ ಎಷ್ಟು ಬಾಟಲಿ ಖಾಲಿ ಮಾಡಿದರೂ ಇದೇ ಕಥೆ.

ಮೊದಲು ಹಳದಿಯನ್ನು ನೋಡೋಣ. ನಿಂಬೆ ಎಲೆ ಹಳದಿಯಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ಎಲೆಯೋ, ಹಳೆ ಎಲೆಯೋ? ಹಳೆ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಸಾರಜನಕ ಸಾಲದು. ಹಳೆ ಎಲೆಯ ಬುಡದಲ್ಲಿ ತಲೆಕೆಳಗಾದ ವಿ ಆಕಾರದಲ್ಲಿ ಹಸಿರು ಉಳಿದು ಸುತ್ತ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಹೊಸ ಎಲೆ ಸಣ್ಣದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆ ಬಂದರೆ ಸತು, ಅಂದರೆ ಜಿಂಕ್. ಹೊಸ ಎಲೆ ಇಡೀ ಹಳದಿಯಾಗಿ, ನರಗಳ ಬಲೆ ಮಾತ್ರ ಸಣ್ಣ ಹಸಿರು ಗೆರೆಯಾಗಿ ಕಂಡರೆ ಅದು ಕಬ್ಬಿಣ. ನೀವು ಬರೆದದ್ದು ಇದೇ ಕೊನೆಯದು.

ಈಗ ತಮಾಷೆ ನೋಡಿ. ನಿಮ್ಮ ಡ್ರಮ್ಮಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ ಇಲ್ಲ. ಇರುವುದನ್ನು ಬೇರು ಎತ್ತಿಕೊಳ್ಳಲು ಆಗುತ್ತಿಲ್ಲ, ಅಷ್ಟೇ. ನಿಂಬೆ ಜಾತಿಗೆ ಸ್ವಲ್ಪ ಹುಳಿ ಮಣ್ಣು ಇಷ್ಟ. ಹುಳಿ-ಕ್ಷಾರ ಅಳೆಯುವ ಪಿಎಚ್ ಅಂಕಿ 6ರಿಂದ 7ರೊಳಗೆ ಇದ್ದರೆ ಆರಾಮ. 7.5 ದಾಟಿತು ಅಂದರೆ ಕಬ್ಬಿಣ ನೀರಿನಲ್ಲಿ ಕರಗದ ರೂಪಕ್ಕೆ ಹೋಗಿ ಕೂತುಬಿಡುತ್ತದೆ. ನಮ್ಮ ಕಡೆಯ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮೊದಲೇ ಕ್ಷಾರ. ಬೋರ್ ನೀರಿನಲ್ಲಿ ಸುಣ್ಣದಂಶ, ಬೈಕಾರ್ಬೊನೇಟ್ ತುಂಬಿರುತ್ತದೆ. ಬಿಸಿನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ, ಅದೇ ಪದರ ಪ್ರತಿದಿನ ನಿಮ್ಮ ಡ್ರಮ್ಮಿನೊಳಗೂ ಕಟ್ಟುತ್ತಿದೆ. ಡ್ರಮ್ಮಿನ ಒಳ ಅಂಚು, ಮಣ್ಣಿನ ಮೇಲ್ಭಾಗ ನೋಡಿ, ಬೆಳ್ಳಗೆ ಉಪ್ಪು ಉಬ್ಬಿರಬೇಕು.

ಇದರ ಮೇಲೆ ಫಿಲ್ಟರ್ ನೀರು. ಆರ್‌ಒ ಯಂತ್ರ ಸಿಹಿ ನೀರನ್ನು ನಿಮಗೆ ಕೊಟ್ಟು, ಉಪ್ಪನ್ನೆಲ್ಲ ಉಳಿದ ನೀರಿಗೆ ತಳ್ಳಿ ಹೊರಗೆ ಬಿಡುತ್ತದೆ. ಅಂದರೆ ಅದು ಬೋರ್ ನೀರಿಗಿಂತ ಉಪ್ಪು. ನೀರು ಪೋಲಾಗಬಾರದು ಅನ್ನುವ ನಿಮ್ಮ ಕಾಳಜಿ ಸರಿ. ಅದನ್ನು ಮಾಳಿಗೆ ತೊಳೆಯಲು, ಬಚ್ಚಲಿಗೆ ಬಳಸಿ, ನಿಂಬೆಗೆ ಬೇಡ. ಬೇಸಿಗೆಯಲ್ಲಿ ಏರ್ ಕೂಲರ್ ತೊಟ್ಟಿಯಲ್ಲಿ ಉಳಿದ ನೀರೂ ಇದೇ ಜಾತಿ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಅದಕ್ಕೆ ಉಲ್ಟಾ, ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಬಹುತೇಕ ಮಳೆ ನೀರಿನಂತೆ. ಎಸಿ ಇದ್ದರೆ ಕೆಳಗೆ ಬಕೆಟ್ ಇಡಿ. ಅದು ನಿಂಬೆಗೆ ಅಮೃತ.

ಎಲೆ ತುದಿ ಸುಟ್ಟದ್ದಕ್ಕೂ ಇದೇ ಕಾರಣ. ಹಣ್ಣಿನ ಗಿಡಗಳಲ್ಲಿ ನಿಂಬೆ ಜಾತಿಗೆ ಉಪ್ಪು ತಡೆಯುವ ಶಕ್ತಿ ಬಹಳ ಕಡಿಮೆ. ಅನುಮಾನ ಇದ್ದರೆ ಒಂದು ಬಾಟಲಿ ಬೋರ್ ನೀರು, ಸ್ವಲ್ಪ ಡ್ರಮ್ಮಿನ ಮಣ್ಣು ಕಟ್ಟಿಕೊಂಡು ಪರೀಕ್ಷೆಗೆ ಕೊಡಿ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿ ವಿಚಾರಿಸಿ. ಕೇಳಬೇಕಾದ ಅಂಕಿ ಎರಡೇ: ಪಿಎಚ್ ಮತ್ತು ಇಸಿ, ಅಂದರೆ ಉಪ್ಪು ಎಷ್ಟಿದೆ ಅಂತ ತೋರಿಸುವ ಅಂಕಿ. ನೀರಿನ ಇಸಿ 1 (ಡೆಸಿಸೀಮೆನ್ಸ್/ಮೀಟರ್ ಲೆಕ್ಕದಲ್ಲಿ) ದಾಟಿದ್ದರೆ ನಿಂಬೆಗೆ ಕಷ್ಟ ಶುರುವಾಯಿತು ಅಂತಲೇ ತಿಳಿಯಿರಿ.

ಇನ್ನು ಮೊಟ್ಟೆ ಸಿಪ್ಪೆ, ಬೂದಿ. ಮೊಬೈಲ್ ವಿಡಿಯೋಗಳಲ್ಲಿ ಎಲ್ಲ ಗಿಡಕ್ಕೂ ಇವೇ ಎರಡು. ಹುಳಿ ಮಣ್ಣಿನ ಮಲೆನಾಡಿನಲ್ಲಿ ಹಾಕಿದರೆ ಪರವಾಗಿಲ್ಲ. ರಾಯಚೂರಿನ ಡ್ರಮ್ಮಿಗೆ ಹಾಕುವುದು ಅಂದರೆ ಸುಣ್ಣದ ಮೇಲೆ ಸುಣ್ಣ ಸುರಿದಂತೆ. ಎರಡೂ ಪಿಎಚ್ ಏರಿಸುತ್ತವೆ. ಡಿಎಪಿ ವಿಷಯವೂ ಹಾಗೇ. ಅದರಲ್ಲಿರುವ ರಂಜಕ ಜಾಸ್ತಿಯಾದರೆ ಸತು, ಕಬ್ಬಿಣ ಎರಡಕ್ಕೂ ಅಡ್ಡಿ. ಹೊಲದಲ್ಲಿ ಎಕರೆಗೆ ಚೀಲ ಹಾಕುವ ಕೈಗೆ ಒಂದು ಹಿಡಿ ಏನೂ ಅಲ್ಲ ಅನ್ನಿಸುತ್ತದೆ. ಒಂದು ಡ್ರಮ್ಮಿಗೆ ಅದು ಬಹಳ. ಮೇಲೆ ಕಾಳು ಇನ್ನೂ ಕಾಣುತ್ತಿದ್ದರೆ ಎರಡು ಬೆರಳು ಮಣ್ಣನ್ನು ಕೆರೆದು ತೆಗೆದುಬಿಡಿ.

ಈಗ ಮಾಡಬೇಕಾದ ಕೆಲಸ. ಡ್ರಮ್ಮಿನ ತಳದ ತೂತುಗಳಿಗೆ ಒಂದು ಕಡ್ಡಿ ತೂರಿಸಿ, ಕಟ್ಟಿಕೊಂಡಿದ್ದರೆ ಬಿಡಿಸಿ. ಡ್ರಮ್ಮನ್ನು ಫರಸಿಯ ಮೇಲೆ ನೇರ ಇಡದೆ ನಾಲ್ಕು ಇಟ್ಟಿಗೆ ಮೇಲೆ ಎತ್ತಿ. ಆಮೇಲೆ ನಲ್ಲಿಗೆ ಬರುವ ಹೊಳೆ ನೀರನ್ನು ಹಿಡಿದು, ನಿಧಾನಕ್ಕೆ, ಬಿಟ್ಟು ಬಿಟ್ಟು, ಕೆಳಗಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು ಸುರಿಯಿರಿ. ಡ್ರಮ್ಮಿನ ಗಾತ್ರದ ಎರಡರಷ್ಟು ನೀರು ಬೇಕಾಗುತ್ತದೆ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೆ ನೀರು ಅಂಚಿನಿಂದ ಜಾರಿ ಕೆಳಗೆ ಬರುತ್ತದೆ, ಒಳಗಿನ ಹೆಂಟೆ ಒಣಗಿಯೇ ಇರುತ್ತದೆ. ಅದಕ್ಕೆ ಮೊದಲು ಬಿರುಕು ಮುಚ್ಚಿ, ಒಂದು ತಂಬಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಮಳೆ ಬರುವವರೆಗೆ ತಿಂಗಳಿಗೊಮ್ಮೆ ಹೀಗೆ ತೊಳೆಯಿರಿ. ಬೋರ್ ನೀರು ಬಿಟ್ಟು ಬೇರೆ ದಾರಿ ಇಲ್ಲ ಅಂದರೂ, ಪ್ರತಿ ಸಲ ತಳದಿಂದ ಸ್ವಲ್ಪ ಹರಿಯುವಷ್ಟು ಹಾಕಿ. ದಿನಾ ಚೂರು ಚೂರು ಹಾಕಿದರೆ ಉಪ್ಪು ಒಳಗೇ ಕೂರುತ್ತದೆ.

ತೊಳೆದ ಒಂದು ವಾರದ ನಂತರ ಕಬ್ಬಿಣ. ಇಲ್ಲಿ ಅಂಗಡಿಯಲ್ಲಿ ಮೋಸ ಹೋಗದಿರಿ. ಚಿಲೇಟೆಡ್ ಐರನ್ ಅಂತ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಇಡಿಟಿಎ. ಅದು ಕ್ಷಾರ ಮಣ್ಣಿನಲ್ಲಿ ಕಬ್ಬಿಣವನ್ನು ಬೇಗ ಕೈಬಿಡುತ್ತದೆ, ಆ ಕಬ್ಬಿಣ ಮತ್ತೆ ಕರಗದ ರೂಪಕ್ಕೆ ಹೋಗುತ್ತದೆ, ಮಣ್ಣಿಗೆ ಹಾಕಿ ಪ್ರಯೋಜನ ಕಡಿಮೆ. ನಿಮಗೆ ಬೇಕಾದ್ದು ಇಡಿಡಿಎಚ್‌ಎ. ನೀರಿಗೆ ಹಾಕಿದರೆ ಗಾಢ ಕೆಂಪು ಬಣ್ಣ ಬಿಡುತ್ತದೆ, ಅದೇ ಗುರುತು. ಬೆಲೆ ಜಾಸ್ತಿ, ಆದರೆ ಒಂದು ಡ್ರಮ್ಮಿಗೆ 5 ಗ್ರಾಂ ಸಾಕು. ಒಂದು ಬಕೆಟ್ ನೀರಿನಲ್ಲಿ ಕರಗಿಸಿ, ಸಂಜೆ ಹೊತ್ತು, ಒದ್ದೆ ಮಣ್ಣಿಗೆ ಹಾಕಿ. ಅದು ಸಿಗದಿದ್ದರೆ ಹಳೆ ದಾರಿ ಇದೆ. ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಎಲೆಗೆ ಸಿಂಪಡಿಸಿ. ಈ ಬಿಸಿಲಿಗೆ ಮಾತ್ರ ಅನ್ನಭೇದಿ 3 ಗ್ರಾಂ ಸಾಕು. ಆಗಿಂದಾಗಲೇ ಕಲಸಿ ಹೊಡೆಯಬೇಕು, ನೀರು ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿ. ಫರಸಿ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮನೆಯಲ್ಲಿ ಬೈಸಿಕೊಳ್ಳಬೇಡಿ.

ಈಗಾಗಲೇ ಹಳದಿಯಾದ ಎಲೆಗಳು ಪೂರ್ತಿ ಹಸಿರಾಗಲಿ ಅಂತ ಕಾಯಬೇಡಿ. ಮುಂದೆ ಬರುವ ಚಿಗುರು ಹೇಗಿದೆ ನೋಡಿ. ಅದು ಹಸಿರಾಗಿ ಬಂದರೆ ದಾರಿಗೆ ಬಂತು ಅಂತ ಅರ್ಥ.

ಬಿಸಿಲಿನ ಮಾತು ಚಿಕ್ಕದಾಗಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನ ಪಡುವಣ ಬದಿಯ ಮಣ್ಣು ಅದಕ್ಕಿಂತ ಬಿಸಿ. ಆ ಬಿಸಿಗೆ ಅಂಚಿನ ಎಳೆ ಬೇರು ಸಾಯುತ್ತವೆ, ನೀರು ಗೊಬ್ಬರ ಹೀರುವುದು ಆ ಎಳೆ ಬೇರುಗಳೇ. ಡ್ರಮ್ಮಿನ ಹೊರಗೆ ಸುಣ್ಣ ಬಳಿಯಿರಿ, ಇಲ್ಲವೇ ಗೋಣಿಚೀಲ ಸುತ್ತಿ. ಮಧ್ಯಾಹ್ನದ ಮೇಲೆ ನೆರಳು ಬೀಳುವಂತೆ ಹಸಿರು ನೆಟ್ಟೋ ಹಳೆ ಸೀರೆಯೋ ಕಟ್ಟಿ. ಬೆಳಗಿನ ಬಿಸಿಲು ಬೇಕೇ ಬೇಕು, ಪೂರ್ತಿ ಮುಚ್ಚಬೇಡಿ. ಮಣ್ಣಿನ ಮೇಲೆ ಒಣ ಎಲೆಯೋ ಭತ್ತದ ಹೊಟ್ಟೋ ಹರಡಿ, ಕಾಂಡಕ್ಕೆ ತಾಗದಂತೆ. ಹೂವು ಉದುರುವುದಕ್ಕೆ ಅರ್ಧ ಕಾರಣ ಈ ಕಾವು. ಹೂವು ನಿಲ್ಲಿಸುವ ಟಾನಿಕ್ ಅಂತ ಮಾರುವುದನ್ನು ಕೊಳ್ಳಬೇಡಿ. ಬೇರು ಸರಿಯಿಲ್ಲದ ಗಿಡದಲ್ಲಿ ಹೂವು ನಿಂತರೂ ಕಾಯಿ ನಿಲ್ಲುವುದಿಲ್ಲ.

ಈಗ ಹುಳಗಳು. ಹತ್ತಿಯಂಥದ್ದು ಹಿಟ್ಟು ತಿಗಣೆ. ಅದು ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಅಂಟಿಗೆ ಇರುವೆ ಬರುತ್ತದೆ. ಅಂಟಿನ ಮೇಲೆ ಬೆಳೆಯುವ ಕಪ್ಪು ಮಸಿಯನ್ನು ಜನ ರೋಗ ಅಂತ ತಿಳಿದು ಅದಕ್ಕೆ ಬೇರೆ ಔಷಧಿ ತರುತ್ತಾರೆ. ಬೇಕಿಲ್ಲ, ತಿಗಣೆ ಹೋದರೆ ಮಸಿಯೂ ಒಣಗಿ ಉದುರುತ್ತದೆ. ಇಲ್ಲಿ ಮೊದಲು ತಡೆಯಬೇಕಾದ್ದು ಇರುವೆಯನ್ನು. ತಿಗಣೆ ತಿನ್ನಲು ಬರುವ ಗುಲಗಂಜಿ ಹುಳವನ್ನು ಓಡಿಸುವುದು ಈ ಇರುವೆಗಳೇ. ಕಾಂಡಕ್ಕೆ ಒಂದು ಸುತ್ತು ಅಗಲ ಟೇಪು ಸುತ್ತಿ, ಟೇಪಿನ ಮೇಲೆ ಗ್ರೀಸು ಸವರಿ. ತೊಗಟೆಗೆ ನೇರ ಗ್ರೀಸು ಬೇಡ. ಕೊಂಬೆ ಗೋಡೆಗೋ ಬಟ್ಟೆ ಒಣಗಿಸುವ ತಂತಿಗೋ ತಾಗುತ್ತಿದ್ದರೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ದಾರಿ ಹಿಡಿಯುತ್ತದೆ. ಆಮೇಲೆ ಪೈಪಿನ ನೀರು ಜೋರಾಗಿ ಬಿಟ್ಟು ತಿಗಣೆ ಉದುರಿಸಿ. ಉಳಿದದ್ದನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಒಂದೇ ಗಿಡ ಅಲ್ವಾ, ಕೈಯಲ್ಲೇ ಆಗುವ ಕೆಲಸ. ವಾರಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಿದರೆ ಹಿಡಿತಕ್ಕೆ ಬರುತ್ತದೆ. ಒಂದು ಎಚ್ಚರ: ತಿಗಣೆಗಿಂತ ದೊಡ್ಡದಾಗಿ, ಬಿಳಿ ದಾರ ಉದ್ದ ಚಾಚಿಕೊಂಡು, ಸರಸರ ಓಡಾಡುವ ಹುಳ ಕಂಡರೆ ಕೊಲ್ಲಬೇಡಿ. ಅದು ಗುಲಗಂಜಿ ಹುಳದ ಮರಿ, ತಿಗಣೆಯನ್ನು ತಿನ್ನುವುದೇ ಅದರ ಕೆಲಸ.

ಬೆಳ್ಳಿ ಗೆರೆ ಎಳೆಯುವುದು ರಂಗೋಲಿ ಹುಳ. ಸಣ್ಣ ಪತಂಗದ ಮರಿ, ಎಲೆಯ ಎರಡು ಪದರದ ನಡುವೆ ಸುರಂಗ ಕೊರೆಯುತ್ತದೆ. ನೋಡಲು ಗಾಬರಿ ಆಗುತ್ತದೆ, ಹಾನಿ ಅಷ್ಟಿಲ್ಲ. ಅದು ಎಳೆ ಚಿಗುರಿಗೆ ಮಾತ್ರ ಬೀಳುತ್ತದೆ, ಎಲೆ ಬಲಿತ ಮೇಲೆ ಹತ್ತಿರ ಬರುವುದಿಲ್ಲ. ಗೆರೆ ಬಿದ್ದ ಹಳೆ ಎಲೆಗಳನ್ನು ಕಿತ್ತುಹಾಕುವ ಅಭ್ಯಾಸ ಹಲವರಿಗಿದೆ. ಕೀಳಬೇಡಿ. ಸುರುಟಿದರೂ ಅವು ಗಿಡಕ್ಕೆ ಅನ್ನ ಮಾಡುತ್ತಿವೆ, ಹುಳ ಯಾವಾಗಲೋ ಹಾರಿಹೋಗಿರುತ್ತದೆ. ಮಳೆ ಬಿದ್ದು ಹೊಸ ಚಿಗುರು ಬೆಂಕಿಕಡ್ಡಿ ಉದ್ದ ಆದಾಗ ಬೇವಿನ ಎಣ್ಣೆ ಹೊಡೆಯಿರಿ: ಲೀಟರಿಗೆ 5 ಮಿಲಿ, ಮೊದಲು ಸ್ವಲ್ಪ ಸೋಪಿನ ನೀರಿನಲ್ಲಿ ಚೆನ್ನಾಗಿ ಕಲಕಿ ಬೆಳ್ಳಗಾಗಿಸಿ, ಆಮೇಲೆ ನೀರು ಬೆರೆಸಿ. ವಾರದ ನಂತರ ಇನ್ನೊಮ್ಮೆ. ಈ ಬೇಸಿಗೆಯಲ್ಲಿ ಮಾತ್ರ ಬೇಡ. 40 ಡಿಗ್ರಿಯಲ್ಲಿ ಎಣ್ಣೆ ಬಿದ್ದ ಎಲೆ ಸುಡುತ್ತದೆ.

ನೀವು ಬರೆಯದ ಒಂದು ಕೀಟವನ್ನೂ ಹುಡುಕಿ. ಎಲೆಯ ಹೊಳಪು ಹೋಗಿ ದೂಳು ಕೂತಂತೆ, ಸಣ್ಣ ಬಿಳಿ ಚುಕ್ಕೆ ಬಿದ್ದಿದ್ದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಕಾಗದದ ಮೇಲೆ ಕೆಂಪು ಚುಕ್ಕೆ ನಡೆದಾಡಿದರೆ ಅದು ನುಸಿ. ಒಣ ಬಿಸಿಲು, ದೂಳು ಅದಕ್ಕೆ ಹಬ್ಬ. ಬೆಳಿಗ್ಗೆ ಬೇಗ ಎಲೆಯ ಅಡಿಭಾಗಕ್ಕೆ ನೀರು ಹೊಡೆಯಿರಿ, ಎರಡು ದಿನಕ್ಕೊಮ್ಮೆ. ಇದಕ್ಕೂ ಒಳ್ಳೆ ನೀರೇ ಬೇಕು, ಬೋರ್ ನೀರು ಒಣಗಿದರೆ ಎಲೆ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗಂಧಕ ಹೊಡೆಯಿರಿ ಅಂತ ಯಾರಾದರೂ ಹೇಳಿಯಾರು. ಗಂಧಕವೂ ಬೇಸಿಗೆಯಲ್ಲಿ ಎಲೆ ಸುಡುತ್ತದೆ, ಈಗ ಬೇಡ.

ಮಾಳಿಗೆಯಲ್ಲಿ ಕರಿಬೇವು, ಬಿಲ್ವಪತ್ರೆ ಕುಂಡ ಇವೆಯಾ? ಇದ್ದರೆ ಅವನ್ನೂ ನೋಡಿ. ನಿಂಬೆ ಸೇರಿ ಮೂರೂ ಒಂದೇ ಕುಟುಂಬದ ಗಿಡಗಳು. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳ, ಮುಟ್ಟಿದರೆ ತಲೆ ಹಿಂದಿನಿಂದ ಕೊಂಬು ಚಾಚಿ ವಾಸನೆ ಬಿಡುತ್ತದೆ, ಅದು ನಿಂಬೆ ಚಿಟ್ಟೆಯದು. ಮಳೆಗಾಲದಲ್ಲಿ ಮೂರಕ್ಕೂ ಬರುತ್ತದೆ. ಕೈಯಲ್ಲಿ ಆರಿಸಿದರೆ ಮುಗಿಯಿತು. ಸಿಲ್ಲಾ ಅನ್ನುವ ಸಣ್ಣ ಕೀಟ ಕರಿಬೇವಿನ ಚಿಗುರಿನಲ್ಲಿ ಬೆಳೆದು ನಿಂಬೆಗೆ ಹಾರುತ್ತದೆ. ಅದರ ಬಗ್ಗೆ ಮಾತ್ರ ಸ್ವಲ್ಪ ಭಯ ಇರಲಿ, ಯಾಕೆಂದರೆ ನಿಂಬೆ ಜಾತಿಯ ಗ್ರೀನಿಂಗ್ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಅದೇ. ಆ ರೋಗಕ್ಕೆ ಮದ್ದಿಲ್ಲ. ಅದರಲ್ಲಿ ಎಲೆಯ ಮಧ್ಯ ನರದ ಎಡಕ್ಕೊಂದು ಬಲಕ್ಕೊಂದು ರೀತಿ ಹಳದಿ ಬರುತ್ತದೆ. ನಿಮ್ಮದು ಎರಡೂ ಕಡೆ ಸಮ ಇದ್ದರೆ ಆ ಚಿಂತೆ ಬಿಡಿ.

ಎಲೆ, ಕಾಯಿ ಮೇಲೆ ಒರಟು ಕಂದು ಕಜ್ಜಿ, ಸುತ್ತ ಹಳದಿ ಉಂಗುರ ಕಂಡರೆ ಅದು ಕ್ಯಾಂಕರ್. ಮಳೆ ಹನಿ ಸಿಡಿದು ಹರಡುತ್ತದೆ. ಆ ರೆಂಬೆ ಕತ್ತರಿಸಿ ಸುಟ್ಟು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಿಂಪಡಿಸಿ. ಈಗ ನಿಮಗೆ ಅದರ ಅಗತ್ಯ ಇಲ್ಲ.

ಹತ್ತಿಗೆ ಹೊಡೆಯುವ ಆ ಎಣ್ಣೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಮೈದುನರು ಒಳ್ಳೆ ಮನಸ್ಸಿನಿಂದಲೇ ತಂದಿದ್ದಾರೆ. ಆದರೆ ಹತ್ತಿಗೆ ಅಂತ ಮಾಡಿದ ಔಷಧಿ ಅಡುಗೆಮನೆಗೆ ಹೋಗುವ ನಿಂಬೆಗೆ ಅಲ್ಲ. ಅದು ಮೇಲಿದ್ದ ತಿಗಣೆಗಳನ್ನು ಕೊಂದಿತು, ಜೊತೆಗೆ ಅವನ್ನು ತಿನ್ನುವ ಹುಳಗಳನ್ನೂ ಕೊಂದಿತು. ತೊಗಟೆ ಸಂದಿಯಲ್ಲಿ, ಮೇಣದ ಕೆಳಗೆ ಇದ್ದ ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಒಂದು ವಾರದ ನಂತರ ಅವು ಒಡೆದಾಗ ತಿನ್ನಲು ಯಾರೂ ಇರಲಿಲ್ಲ. ಜಾಸ್ತಿ ಬಂದದ್ದು ಅದಕ್ಕೇ. ಬಟ್ಟೆ ಒಣಗಿಸುವ, ಮಕ್ಕಳು ಆಡುವ, ರಾತ್ರಿ ಸೆಕೆಗೆ ಮಲಗುವ ಮಾಳಿಗೆ ಮೇಲೆ ಅದು ಇರಲೇಬಾರದು. ಬಾಟಲಿಯನ್ನು ಇವತ್ತೇ ಹೊಲದ ಕೋಣೆಗೆ ವಾಪಸ್ ಕಳಿಸಿ. ಬೇರೆ ಬಾಟಲಿಗೆ ಸುರಿದಿಟ್ಟಿದ್ದರೆ ಇನ್ನೂ ಬೇಗ.

ಮಣ್ಣು ಬದಲಾಯಿಸುವ ಕೆಲಸ ಜೂನ್ ಕೊನೆಗೆ, ಎರಡು ಒಳ್ಳೆ ಮಳೆ ಬಿದ್ದ ಮೇಲೆ. ಬೇಸಿಗೆಯಲ್ಲಿ ಬೇರು ಕೆದಕಿದರೆ ಗಿಡ ಸಾಯುತ್ತದೆ. ಡ್ರಮ್ಮು ಮಲಗಿಸಿ ಗಿಡ ಹೊರಗೆಳೆಯಿರಿ. ಬೇರು ಬೆಳ್ಳಗೆ, ಕೆನೆ ಬಣ್ಣದಲ್ಲಿ ಇದ್ದರೆ ಒಳ್ಳೆಯದು. ಕಪ್ಪಾಗಿ, ಎಳೆದರೆ ಸಿಪ್ಪೆ ಸುಲಿದು ಬಂದರೆ ಕೊಳೆತಿದೆ, ಆ ಭಾಗ ಕತ್ತರಿಸಿ. ಗೋಡೆಗೆ ಸುತ್ತಿಕೊಂಡ ಬೇರುಗಳನ್ನು ಕಾಲು ಭಾಗದಷ್ಟು ಸವರಿ, ಮೇಲಿನ ಕೊಂಬೆಗಳನ್ನೂ ಅಷ್ಟೇ ಹಗುರ ಮಾಡಿ. ಹೊಸ ಮಣ್ಣಿಗೆ ಎರೆ ಮಣ್ಣು ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕಸಿ ಗಿಡ ಆಗಿದ್ದರೆ ಕಸಿಯ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಲಿ. ಗಂಟಿನ ಕೆಳಗೆ ಬರುವ ಚಿಗುರು ಕಾಡು ನಿಂಬೆಯದು, ಕಂಡ ಕೂಡಲೇ ಮುರಿಯಿರಿ. ಮಾಳಿಗೆಯಿಂದ ಬೀಳುವ ಮಳೆ ನೀರನ್ನು ಒಂದೆರಡು ಡ್ರಮ್ಮಿನಲ್ಲಿ ಮುಚ್ಚಿ ಹಿಡಿದಿಟ್ಟರೆ ಕೆಲವು ತಿಂಗಳ ಯೋಚನೆ ತಪ್ಪುತ್ತದೆ.

ಗೊಬ್ಬರವನ್ನು ಗಿಡ ಹೊಸದಾಗಿ ಚಿಗುರಿದ ಮೇಲೆ ಶುರು ಮಾಡಿ. ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ. ಹೊಸ ಎಲೆ ಸಣ್ಣದಾಗಿ ಬಂದರೆ ಸತುವಿನ ಸಲ್ಫೇಟ್ 5 ಗ್ರಾಂ, ಸುಣ್ಣ 2.5 ಗ್ರಾಂ ಲೀಟರಿಗೆ ಕಲಸಿ ಸೋಸಿ ಸಿಂಪಡಿಸಿ, ಆದರೆ ಅನ್ನಭೇದಿಯ ಜೊತೆ ಬೆರೆಸಬೇಡಿ. ಬೇಗ ಬೆಳೆಯಲಿ ಅಂತ ಯೂರಿಯಾ ಹಾಕಬೇಡಿ. ಮೆದು ಚಿಗುರು ಮೇಲಿಂದ ಮೇಲೆ ಬಂದು ರಂಗೋಲಿ ಹುಳಕ್ಕೆ ಊಟ ಆಗುತ್ತದೆ.

ಕೊನೆಗೆ ಕಾಯಿಯ ಪ್ರಶ್ನೆ. ಹೊಡೆದದ್ದು ಯಾವ ಔಷಧಿ, ಎಷ್ಟು ಬೆರೆಸಿದರು ಅನ್ನುವುದು ನಿಮ್ಮ ಪತ್ರದಲ್ಲಿ ಇಲ್ಲ. ಆದ್ದರಿಂದ ನನ್ನ ಉತ್ತರ ಬೇಡ ಅಂತಲೇ. ಮೇಲೆ ತೊಳೆದರೂ ಸಿಪ್ಪೆಯ ಎಣ್ಣೆಯಲ್ಲಿ, ಕೆಲವು ಔಷಧಿ ಕಾಯಿಯ ಒಳಗೂ ಉಳಿಯುತ್ತವೆ. ಈಗ ಗಿಡದಲ್ಲಿರುವ ದೊಡ್ಡವು, ಸಣ್ಣವು ಎಲ್ಲ ಕಿತ್ತು ಹೂತುಬಿಡಿ. ಬಳಲಿದ ಗಿಡಕ್ಕೆ ಭಾರವೂ ಇಳಿಯುತ್ತದೆ. ಉಪ್ಪಿನಕಾಯಿಗೆ ಹಾಕಿದರೆ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ, ಉಪ್ಪು ಖಾರಕ್ಕೆ ವಿಷ ಸಾಯುವುದಿಲ್ಲ. ಮಳೆಗಾಲದಲ್ಲಿ ಹೊಸ ಹೂವು ಬಂದರೆ ಅದು ಕಾಯಿಯಾಗಿ ಕೈಗೆ ಬರಲು ಐದಾರು ತಿಂಗಳು ಬೇಕು. ಅಲ್ಲಿವರೆಗೆ ನಿಂಬೆಹಣ್ಣು ಸಂತೆಯಿಂದ ತನ್ನಿ.